ತಾರೆಯರ ತಿರುಗಾಟ, ಊರೂರ ಊಟ

ಪರಿಚಿತ ಮುಖವೊಂದು ಅಪರಿಚಿತ ಊರಿಗೆ ಹೋಗಿ, ಅಲ್ಲಿಯವರ ಜೊತೆ ಕುಳಿತು ಉಂಡು, ಆ ಊಟದ ನೆಪದಲ್ಲಿ ಊರಿನ ಕಥೆ ಹೇಳುವ ಟಿವಿ ಕಾರ್ಯಕ್ರಮಕ್ಕೆ ಎರಡು ಬೇರುಗಳಿವೆ. ಒಂದು, ಸ್ಟುಡಿಯೊದ ಒಲೆಯ ಮುಂದೆ ನಿಂತು ಹೇಳಿಕೊಡುತ್ತಿದ್ದ ಅಡುಗೆ ಪಾಠ. ಇನ್ನೊಂದು ಟಿವಿಗಿಂತ ಹಳೆಯದು: ಚಿತ್ರಗಳನ್ನು ತೋರಿಸುತ್ತ ಸಭಾಂಗಣಗಳಲ್ಲಿ ನಡೆಯುತ್ತಿದ್ದ ಪ್ರವಾಸ ಉಪನ್ಯಾಸ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬರ್ಟನ್ ಹೋಮ್ಸ್ ಗಾಜಿನ ಸ್ಲೈಡುಗಳಿಗೆ ಕೈಯಿಂದ ಬಣ್ಣ ತುಂಬಿಸಿ, ಮುಂದೆ ಚಲಿಸುವ ಚಿತ್ರಗಳನ್ನೂ ಸೇರಿಸಿಕೊಂಡು, ತಾವು ಸುತ್ತಿದ ದೇಶಗಳ ಕಥೆ ಹೇಳುತ್ತಿದ್ದರು. ಜನ ಟಿಕೆಟ್ ಕೊಂಡು ಬರುತ್ತಿದ್ದುದು ದೇಶ ನೋಡಲು ಎಷ್ಟೋ, ಹೋಮ್ಸ್ ಅವರನ್ನು ಕೇಳಲೂ ಅಷ್ಟೇ. ಅಡುಗೆಯ ಪಾಠ ಮತ್ತು ಪ್ರವಾಸದ ಕಥೆ ಒಂದೇ ಕಾರ್ಯಕ್ರಮದೊಳಗೆ ಕೂಡಿಕೊಳ್ಳಲು ಟಿವಿ ಬಂದ ಮೇಲೆ ಸುಮಾರು ಐವತ್ತು ವರ್ಷ ಬೇಕಾಯಿತು.

ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಬಿಬಿಸಿ ನಿಯಮಿತವಾಗಿ ಟಿವಿ ಪ್ರಸಾರ ಆರಂಭಿಸಿದ್ದು 1936ರ ನವೆಂಬರಿನಲ್ಲಿ. ಮೂರು ತಿಂಗಳು ತುಂಬುವ ಮೊದಲೇ ಅಡುಗೆ ತೆರೆಯ ಮೇಲೆ ಬಂತು. 1937ರ ಜನವರಿಯಲ್ಲಿ ಲಂಡನ್ನಿನ ಹೆಸರಾಂತ ಹೋಟೆಲೊಡೆಯ, ಫ್ರೆಂಚ್ ಮೂಲದ ಮಾರ್ಸೆಲ್ ಬೂಲೆಸ್ಟಾಂ ಆಮ್ಲೆಟ್ ಮಾಡಿ ತೋರಿಸಿದರು. ಯುದ್ಧದ ಕಾಲದಲ್ಲಿ ನಿಂತಿದ್ದ ಪ್ರಸಾರ 1946ರಲ್ಲಿ ಮರಳಿದಾಗ ಆ ಜಾಗಕ್ಕೆ ಬಂದವರು ಗಡ್ಡ ಬಿಟ್ಟ, ಪಟ್ಟೆಪಟ್ಟೆಯ ಏಪ್ರನ್ ತೊಟ್ಟ ಫಿಲಿಪ್ ಹಾರ್ಬೆನ್. ಬ್ರಿಟನ್ನಿನಲ್ಲಿ ಬ್ರೆಡ್ಡಿಗೂ ಪಡಿತರ ಬಂದ ವರ್ಷ ಅದು. ನೋಡುವವರ ಮನೆಯಲ್ಲಿ ಬೆಣ್ಣೆ, ಮೊಟ್ಟೆ, ಸಕ್ಕರೆ ಎಲ್ಲಕ್ಕೂ ಅಳತೆಯಿತ್ತು. ಹೀಗಾಗಿ ಅಡುಗೆಯ ಕಾರ್ಯಕ್ರಮ ಆಗ ಪಾಠವೂ ಹೌದು, ಹಗಲುಗನಸೂ ಹೌದು. ಅದೇ ವರ್ಷ ಅಮೆರಿಕದ ಎನ್‌ಬಿಸಿಯಲ್ಲಿ ಜೇಮ್ಸ್ ಬಿಯರ್ಡ್ ಅಡುಗೆ ಮಾಡತೊಡಗಿದರು. ಕಾರ್ಯಕ್ರಮದ ಖರ್ಚು ಬೋರ್ಡನ್ ಎಂಬ ಹಾಲಿನ ಕಂಪನಿಯದು. ಬಿಯರ್ಡ್ ಮೂಲತಃ ರಂಗಭೂಮಿ ಮತ್ತು ಸಂಗೀತದ ಕನಸು ಕಂಡಿದ್ದವರು. ಒಲೆ, ಪ್ರಾಯೋಜಕ, ನಟನಾಗಬೇಕಿದ್ದ ಅಡುಗೆಯವ: ಮುಂದಿನ ಎಲ್ಲ ಕಾರ್ಯಕ್ರಮಗಳ ಸಾಮಗ್ರಿ ಆ ವರ್ಷವೇ ಸಿದ್ಧವಾಗಿತ್ತು.

ಅಡುಗೆಯವರು ನಿಜಕ್ಕೂ ತಾರೆಯಾದದ್ದು ಜೂಲಿಯಾ ಚೈಲ್ಡ್ ಅವರಿಂದ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಗುಪ್ತಚರ ಕಚೇರಿಯ ಕೆಲಸದ ಮೇಲೆ ಸಿಲೋನಿನ ಕ್ಯಾಂಡಿಯಲ್ಲಿದ್ದ ಅವರಿಗೆ ಅಲ್ಲಿಯೇ ಪಾಲ್ ಚೈಲ್ಡ್ ಅವರ ಪರಿಚಯವಾಯಿತು. ಮದುವೆಯ ನಂತರ ಗಂಡನ ಕೆಲಸದಿಂದಾಗಿ ಪ್ಯಾರಿಸಿಗೆ ಹೋಗಿ, ಅಲ್ಲಿ ಅಡುಗೆಯ ಶಾಲೆ ಸೇರಿದರು. 1961ರಲ್ಲಿ ಇಬ್ಬರು ಫ್ರೆಂಚ್ ಗೆಳತಿಯರೊಂದಿಗೆ ಬರೆದ ದಪ್ಪ ಅಡುಗೆ ಪುಸ್ತಕ ಹೊರಬಂತು. ಅದರ ಬಗ್ಗೆ ಮಾತಾಡಲು ಬಾಸ್ಟನ್ನಿನ ಡಬ್ಲ್ಯುಜಿಬಿಎಚ್ ಚಾನೆಲ್ ಕರೆದಾಗ ಚೈಲ್ಡ್ ಸುಮ್ಮನೆ ಮಾತಾಡಿ ಬರಲಿಲ್ಲ. ಸ್ಟುಡಿಯೊದಲ್ಲೇ ಆಮ್ಲೆಟ್ ಮಾಡಿದರು. ನೋಡಿದವರು ಇನ್ನಷ್ಟು ಬೇಕೆಂದರು. 1963ರ ಫೆಬ್ರವರಿಯಲ್ಲಿ ‘ದ ಫ್ರೆಂಚ್ ಶೆಫ್’ ಶುರುವಾಗಿ ಹತ್ತು ವರ್ಷ ನಡೆಯಿತು. ಆರಂಭವಾದಾಗ ಅವರಿಗೆ ಐವತ್ತು ವರ್ಷ. ಆರಡಿಗೂ ಮೀರಿದ ಎತ್ತರ, ಏರಿಳಿಯುವ ವಿಚಿತ್ರ ದನಿ, ಕೈತಪ್ಪಿದರೂ ಅಳುಕದ ಸ್ವಭಾವ. ಕೋಳಿ ನೆಲಕ್ಕೆ ಬಿದ್ದರೂ ಎತ್ತಿ ಬಡಿಸಿದರು ಎಂಬ ಕಥೆ ಇಂದಿಗೂ ಓಡಾಡುತ್ತದೆ. ನಿಜಕ್ಕೂ ಬಿದ್ದದ್ದು ಆಲೂಗಡ್ಡೆಯ ದೋಸೆಯಂಥ ತಿನಿಸು, ಅದೂ ಒಲೆಯ ಮೇಲೆಯೇ. ಅವರ ಜನಪ್ರಿಯತೆಯ ಗುಟ್ಟೂ ಈ ಕಥೆಯಲ್ಲಿದೆ. ಎಲ್ಲವನ್ನೂ ಸರಿಯಾಗಿ ಮಾಡುವ ಗುರುವಿಗಿಂತ ತಪ್ಪು ಮಾಡಿ ನಕ್ಕು ಮುಂದುವರಿಯುವ ಗುರು ಜನರಿಗೆ ಹತ್ತಿರವಾದರು.

ಆದರೂ ಚೈಲ್ಡ್ ಅವರ ಫ್ರಾನ್ಸ್ ಬಹುಮಟ್ಟಿಗೆ ಬಾಸ್ಟನ್ನಿನ ಅಡುಗೆಮನೆಯೊಳಗಿನ ಫ್ರಾನ್ಸ್. ಒಲೆಗೂ ಊರಿಗೂ ಮೊದಲು ದಾರಿ ಹಾಕಿದವರು ಗ್ರಹಾಂ ಕೆರ್. ಕೆನಡಾದ ಒಟ್ಟಾವಾದಲ್ಲಿ ಪ್ರೇಕ್ಷಕರ ಎದುರು 1969ರಿಂದ 1971ರವರೆಗೆ ಚಿತ್ರೀಕರಿಸಿದ ‘ದ ಗ್ಯಾಲಪಿಂಗ್ ಗೂರ್ಮೆ’ಯಲ್ಲಿ ಅವರು ಕುರ್ಚಿ ಜಿಗಿದು, ವೈನ್ ಹೀರಿ, ನಗೆಹನಿ ಹಾರಿಸಿ ಅಡುಗೆ ಮಾಡುತ್ತಿದ್ದರು. ನಿರ್ಮಾಪಕಿ ಹೆಂಡತಿ ಟ್ರೀನಾ. ಗಂಡ ಹೆಂಡತಿ ಹಲವು ದೇಶ ಸುತ್ತಿ ತಂದ ಚಿತ್ರದ ತುಣುಕನ್ನು ತೋರಿಸಿ, ಆ ಊರಿನ ತಿನಿಸನ್ನು ಸ್ಟುಡಿಯೊದಲ್ಲಿ ಮಾಡುವುದು ವಾಡಿಕೆ. ಊರು ಇನ್ನೂ ಮುನ್ನುಡಿಯಷ್ಟೇ.

ಮೊದಲು ನಟಿ, ಆಮೇಲೆ ಅಡುಗೆಯವರು ಎಂಬ ಮಾದರಿಗೆ ದೊಡ್ಡ ಉದಾಹರಣೆ ದೆಹಲಿಯ ಮಧುರ್ ಜಾಫ್ರಿ. ಲಂಡನ್ನಿನಲ್ಲಿ ನಾಟಕ ಕಲಿಯುತ್ತಿದ್ದಾಗ ಅಲ್ಲಿಯ ಊಟ ಸೇರದೆ, ತಾಯಿ ಕಾಗದದಲ್ಲಿ ಬರೆದು ಕಳಿಸಿದ ವಿಧಾನ ಓದಿ ಅಡುಗೆ ಕಲಿತವರು. ‘ಶೇಕ್ಸ್‌ಪಿಯರ್ ವಾಲಾ’ ಚಿತ್ರದ ಅಭಿನಯಕ್ಕಾಗಿ 1965ರಲ್ಲಿ ಬರ್ಲಿನ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು. 1982ರಲ್ಲಿ ಬಿಬಿಸಿ ಅವರಿಂದ ಭಾರತೀಯ ಅಡುಗೆಯ ಸರಣಿ ಮಾಡಿಸಿತು. ‘ಕರಿ’ ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ತಿನ್ನುತ್ತಿದ್ದ ಬ್ರಿಟನ್ನಿಗೆ ಜೀರಿಗೆ, ಕೊತ್ತಂಬರಿ, ಅರಿಸಿನಗಳನ್ನು ಬಿಡಿಬಿಡಿಯಾಗಿ ಪರಿಚಯಿಸಿದ್ದು ಆ ಸರಣಿ. ಅವರು ಹಸಿ ಕೊತ್ತಂಬರಿ ಹಾಕಿ ಕೋಳಿ ಮಾಡಿ ತೋರಿಸಿದ ಮರುದಿನ ಮ್ಯಾಂಚೆಸ್ಟರಿನ ಅಂಗಡಿಗಳಲ್ಲಿ ಕೊತ್ತಂಬರಿ ಸೊಪ್ಪೇ ಸಿಗಲಿಲ್ಲವೆಂಬ ಮಾತು ಇಂಗ್ಲೆಂಡಿನಲ್ಲಿ ಈಗಲೂ ಚಾಲ್ತಿಯಲ್ಲಿದೆ. 1995ರ ‘ಫ್ಲೇವರ್ಸ್ ಆಫ್ ಇಂಡಿಯಾ’ದಲ್ಲಿ ಜಾಫ್ರಿ ಸ್ಟುಡಿಯೊ ಬಿಟ್ಟು ಕೇರಳ, ತಮಿಳುನಾಡು, ಗೋವಾ, ಬಂಗಾಳಗಳ ಅಡುಗೆಮನೆಗಳಿಗೆ ಹೋದರು. ಹೀಗೆ ಹೊರಗೆ ಹೋಗುವುದು ಆ ಹೊತ್ತಿಗೆ ರೂಢಿಯಾಗಿತ್ತು. ಅದಕ್ಕೆ ಕಾರಣ ಕೀತ್ ಫ್ಲಾಯ್ಡ್ ಎಂಬ ಇನ್ನೊಬ್ಬರು.

ಫ್ಲಾಯ್ಡ್ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹೋಟೆಲು ನಡೆಸಿ ಕೈಸುಟ್ಟುಕೊಂಡವರು. ಬಿಬಿಸಿಯ ನಿರ್ಮಾಪಕ ಡೇವಿಡ್ ಪ್ರಿಚರ್ಡ್ ಅವರ ಕಣ್ಣಿಗೆ ಬಿದ್ದು 1980ರ ದಶಕದ ನಡುವೆ ‘ಫ್ಲಾಯ್ಡ್ ಆನ್ ಫಿಶ್’ ಮಾಡಿದರು. ಸ್ಟುಡಿಯೊ ಇಲ್ಲ; ಮೀನಿನ ದೋಣಿ, ಕಡಲ ದಂಡೆ, ಯಾರದೋ ಮನೆಯ ಒಲೆ. ಬೋ ಟೈ ಕಟ್ಟಿ, ಕೈಯಲ್ಲಿ ವೈನ್ ಗ್ಲಾಸ್ ಹಿಡಿದು, ಮಾತಿನ ನಡುವೆಯೇ ಛಾಯಾಗ್ರಾಹಕನನ್ನು ಹೆಸರು ಹಿಡಿದು ಕರೆದು, ತನ್ನ ಮುಖ ಬಿಟ್ಟು ಬಾಣಲೆ ತೋರಿಸು ಎಂದು ಗದರುವ ನಿರೂಪಕನನ್ನು ಜನ ಅದುವರೆಗೆ ಕಂಡಿರಲಿಲ್ಲ. ಕ್ಯಾಮೆರಾ ಇಲ್ಲವೇ ಇಲ್ಲ ಎಂಬಂತೆ ನಟಿಸುವ ಟಿವಿಯ ಸಂಪ್ರದಾಯ ಅಲ್ಲಿಗೆ ಮುರಿಯಿತು.

ಫ್ಲಾಯ್ಡ್ ಮುಂದೆ ಮಾಡಿದ ಫ್ರಾನ್ಸಿನ ಸರಣಿಯಲ್ಲಿ ನಡೆದ ಒಂದು ಪ್ರಸಂಗ ಈ ಇಡೀ ಪ್ರಕಾರದ ತಿರುವು ಎಂದರೆ ಹೆಚ್ಚಾಗಲಾರದು. ಬಾಸ್ಕ್ ಸೀಮೆಯ ಮನೆಯೊಂದರಲ್ಲಿ ಫ್ಲಾಯ್ಡ್ ಅಲ್ಲಿಯದೇ ತಿನಿಸಾದ ಪಿಪರಾಡ್, ಅಂದರೆ ಟೊಮೆಟೊ, ಮೆಣಸಿನಕಾಯಿ, ಮೊಟ್ಟೆ ಕೂಡಿಸಿದ ಪದಾರ್ಥ ಮಾಡಿದರು. ಮನೆಯ ಹೆಂಗಸು ರುಚಿ ನೋಡಿ, ಇದು ಸರಿಯಾಗಿಲ್ಲವೆಂದು ಮುಖಕ್ಕೆ ಹೇಳಿ, ತಪ್ಪುಗಳನ್ನು ಎಣಿಸಿ, ತಾವೇ ಸೌಟು ಹಿಡಿದು ಮತ್ತೆ ಮಾಡಿ ತೋರಿಸಿದರು. ಯಾವ ಕಾರ್ಯಕ್ರಮದಲ್ಲಾದರೂ ಕತ್ತರಿಗೆ ಹೋಗಬೇಕಿದ್ದ ಭಾಗ ಅದು. ಪ್ರಿಚರ್ಡ್ ಇಟ್ಟುಕೊಂಡರು, ಫ್ಲಾಯ್ಡ್ ಬೈಸಿಕೊಂಡದ್ದನ್ನು ಫ್ರೆಂಚಿನಿಂದ ತಾವೇ ಅನುವಾದಿಸಿ ಹೇಳಿದರು. ಅಲ್ಲಿಯತನಕ ತಿಳಿದವರು ನಿರೂಪಕರು, ತಿಳಿಯದವರು ನೋಡುಗರು. ಆ ಮನೆಯಲ್ಲಿ ತಿಳಿದವರು ಊರಿನವರಾದರು, ನಿರೂಪಕ ನೋಡುಗರ ಸಾಲಿಗೆ ಬಂದು ಕುಳಿತ. ಹೆಸರಾಂತ ವ್ಯಕ್ತಿ ಗೊತ್ತಿಲ್ಲದವನಾಗಿ ಕಾಣಿಸಿಕೊಳ್ಳಬಹುದು, ಅದರಿಂದ ಅವನ ಘನತೆಗೆ ಕುಂದಿಲ್ಲ ಎಂಬುದು ಖಚಿತವಾದ ಮೇಲೆಯೇ ಅಡುಗೆ ಬಾರದ ನಟರಿಗೂ ಈ ಕಾರ್ಯಕ್ರಮಗಳ ಬಾಗಿಲು ತೆರೆಯಿತು. ಫ್ಲಾಯ್ಡ್ ಮುಂದೆ ಸ್ಪೇನ್, ಆಗ್ನೇಯ ಏಷ್ಯಾ, ಆಫ್ರಿಕಾ, ಭಾರತ ಸುತ್ತಿದರು, 2009ರಲ್ಲಿ ತೀರಿಕೊಂಡರು. ಅವರ ಮೀನಿನ ಸರಣಿಯಲ್ಲಿ ಅತಿಥಿಯಾಗಿ ಮುಖ ತೋರಿಸಿದ್ದ ಪ್ಯಾಡ್‌ಸ್ಟೋ ಬಂದರಿನ ಹೋಟೆಲಿನ ರಿಕ್ ಸ್ಟೈನ್ ಅವರನ್ನು ಪ್ರಿಚರ್ಡ್ 1995ರಿಂದ ನಿರೂಪಕರನ್ನಾಗಿ ಬೆಳೆಸಿದರು. 2013ರಲ್ಲಿ ಸ್ಟೈನ್ ಭಾರತಕ್ಕೂ ಬಂದರು.

ಪ್ರವಾಸದ ಕಡೆಯಿಂದ ಇದೇ ಬದಲಾವಣೆ ತಂದವರು ಮಾಂಟಿ ಪೈಥಾನ್ ಹಾಸ್ಯತಂಡದ ಮೈಕೆಲ್ ಪೇಲಿನ್. ಎಂಬತ್ತು ದಿನಗಳಲ್ಲಿ, ವಿಮಾನ ಹತ್ತದೆ ಭೂಮಿ ಸುತ್ತುವ ಬಿಬಿಸಿಯ ಯೋಜನೆಗೆ ಅವರು ಮೊದಲ ಆಯ್ಕೆಯಾಗಿರಲಿಲ್ಲ. ಹಳಬ ಪ್ರವಾಸ ನಿರೂಪಕ ಅಲನ್ ವಿಕರ್ ಒಪ್ಪದಿದ್ದ ಕೆಲಸ ಕೈಬದಲಾಗುತ್ತ ಪೇಲಿನ್ ಅವರಿಗೆ ಬಂತು. 1989ರಲ್ಲಿ ಪ್ರಸಾರವಾದ ಆ ಸರಣಿಯಲ್ಲಿ ಜನ ಮರೆಯದ ಭಾಗ ದುಬೈಯಿಂದ ಮುಂಬೈಗೆ ಹಾಯಿದೋಣಿಯಲ್ಲಿ ಗುಜರಾತಿ ನಾವಿಕರ ಜೊತೆ ಕಳೆದ ದಿನಗಳು. ಹೊಟ್ಟೆ ಕೆಟ್ಟು ಮಲಗಿದ ನಿರೂಪಕ, ಆರೈಕೆ ಮಾಡಿದ ನಾವಿಕರು, ಒಬ್ಬ ಮುದುಕ ನಾವಿಕನ ಕಿವಿಗೆ ವಾಕ್‌ಮನ್ ಹಚ್ಚಿ ಅಮೆರಿಕದ ರಾಕ್ ಸಂಗೀತ ಕೇಳಿಸಿದ್ದು: ನೋಡುವ ಜಾಗ ಯಾವುದೂ ಇಲ್ಲದ ಈ ಕಂತು, ಸ್ಮಾರಕಗಳನ್ನು ತೋರಿಸಿದ ಎಷ್ಟೋ ಕಂತುಗಳಿಗಿಂತ ಚೆನ್ನಾಗಿ ಉಳಿಯಿತು.

1993 ಈ ಇತಿಹಾಸದಲ್ಲಿ ಎರಡು ಕಾರಣಕ್ಕೆ ಮುಖ್ಯ. ಆ ವರ್ಷ ಅಮೆರಿಕದಲ್ಲಿ ಹಗಲೂ ರಾತ್ರಿಯೂ ಅಡುಗೆಯನ್ನೇ ತೋರಿಸುವ ಫುಡ್ ನೆಟ್‌ವರ್ಕ್ ಚಾನೆಲ್ ಹುಟ್ಟಿತು. ಭಾರತದ ಜೀ ಟಿವಿಯಲ್ಲಿ ಸಂಜೀವ್ ಕಪೂರ್ ‘ಖಾನಾ ಖಜಾನಾ’ ಆರಂಭಿಸಿದರು. ಕೇಬಲ್ ಬಂದು ಚಾನೆಲ್‌ಗಳು ಹೆಚ್ಚಾದಂತೆ ಕಡಿಮೆ ಖರ್ಚಿನಲ್ಲಿ ಗಂಟೆಗಳನ್ನು ತುಂಬಿಸಬೇಕಾಯಿತು, ಅದಕ್ಕೆ ಅಡುಗೆಯಷ್ಟು ಒದಗುವುದು ಬೇರೊಂದಿಲ್ಲ. ‘ಖಾನಾ ಖಜಾನಾ’ವನ್ನು ನಿರ್ದೇಶಿಸಿದವರು ಮುಂದೆ ಚಲನಚಿತ್ರ ನಿರ್ದೇಶಕರಾಗಿ ಹೆಸರಾದ ಹನ್ಸಲ್ ಮೆಹ್ತಾ ಎಂಬುದು ಹಲವರಿಗೆ ತಿಳಿಯದ ಸಂಗತಿ.

ಈ ಪ್ರಕಾರದ ಎತ್ತರ ಮತ್ತು ಅದರ ತೊಡಕು ಎರಡೂ ಒಟ್ಟಿಗೆ ಕಾಣುವುದು ಆಂಥೊನಿ ಬೋರ್ಡೇನ್ ಅವರಲ್ಲಿ. ನ್ಯೂಯಾರ್ಕಿನ ‘ಲೆ ಹಾಲ್’ ಎಂಬ ಹೋಟೆಲಿನ ಮುಖ್ಯ ಬಾಣಸಿಗರಾಗಿದ್ದ ಅವರು ಹೋಟೆಲ್ ಅಡುಗೆಮನೆಯ ಒಳಗುಟ್ಟುಗಳನ್ನು 1999ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಗೆ ಬರೆದರು. ಅದೇ ಬೆಳೆದು 2000ದಲ್ಲಿ ‘ಕಿಚನ್ ಕಾನ್ಫಿಡೆನ್ಷಿಯಲ್’ ಪುಸ್ತಕವಾಯಿತು. ಆಗ ಅವರಿಗೆ ನಲವತ್ತನಾಲ್ಕರ ಆಸುಪಾಸು. ಫುಡ್ ನೆಟ್‌ವರ್ಕಿನಲ್ಲಿ 2002ರಿಂದ ‘ಎ ಕುಕ್ಸ್ ಟೂರ್’, ಟ್ರಾವೆಲ್ ಚಾನೆಲಿನಲ್ಲಿ 2005ರಿಂದ 2012ರವರೆಗೆ ‘ನೋ ರಿಸರ್ವೇಷನ್ಸ್’, ಸಿಎನ್‌ಎನ್‌ನಲ್ಲಿ 2013ರಿಂದ ‘ಪಾರ್ಟ್ಸ್ ಅನ್‌ನೋನ್’ ಬಂದವು. ಅಡುಗೆಯ ಚಾನೆಲಿನಿಂದ ಪ್ರವಾಸದ ಚಾನೆಲಿಗೆ, ಅಲ್ಲಿಂದ ಸುದ್ದಿಯ ಚಾನೆಲಿಗೆ ನಡೆದ ಈ ದಾರಿಯೇ ಕಾರ್ಯಕ್ರಮ ಏನಾಗುತ್ತ ಹೋಯಿತು ಎಂಬುದನ್ನು ಹೇಳುತ್ತದೆ.

2006ರ ಜುಲೈಯಲ್ಲಿ ಬೋರ್ಡೇನ್ ತಂಡ ಬೈರೂತಿನ ಊಟ ಚಿತ್ರೀಕರಿಸಲು ಹೋಗಿ ಇನ್ನೂ ಕೆಲವೇ ದಿನಗಳಾಗಿದ್ದವು. ಇಸ್ರೇಲ್ ಮತ್ತು ಹಿಜ್ಬುಲ್ಲಾ ನಡುವೆ ಯುದ್ಧ ಹತ್ತಿಕೊಂಡಿತು, ವಿಮಾನ ನಿಲ್ದಾಣದ ಮೇಲೆ ಬಾಂಬು ಬಿತ್ತು. ಹೋಟೆಲಿನ ಮೇಲಿನಿಂದ ಹೊಗೆ ನೋಡುತ್ತ ದಿನ ಕಳೆದು, ಕೊನೆಗೆ ಅಮೆರಿಕದ ನೌಕಾಪಡೆಯ ನೆರವಿನಿಂದ ತಂಡ ಹೊರಬಂತು. ಅಡುಗೆಯ ಕಾರ್ಯಕ್ರಮ ಆಗಬೇಕಿದ್ದದ್ದು ಯುದ್ಧದ ನಡುವೆ ಸಿಕ್ಕಿಕೊಂಡವರ ದಿನಚರಿಯಾಗಿ ಪ್ರಸಾರವಾಯಿತು. ಆ ನಂತರ ಅವರ ಕಾರ್ಯಕ್ರಮಗಳಲ್ಲಿ ತಟ್ಟೆಯ ಆಚೆ ಇರುವುದರ ಪಾಲು ದೊಡ್ಡದಾಗುತ್ತ ಹೋಯಿತು. ‘ಪಾರ್ಟ್ಸ್ ಅನ್‌ನೋನ್’ನ ಮೊದಲ ಕಂತೇ ಸೇನಾಡಳಿತದಿಂದ ಹೊರಬರುತ್ತಿದ್ದ ಮ್ಯಾನ್ಮಾರ್. ಭಾರತಕ್ಕೂ ಅವರು ಹಲವು ಸಲ ಬಂದರು: ಕೇರಳದಲ್ಲಿ ನಟ ಮಮ್ಮೂಟ್ಟಿ ಅವರ ಚಿತ್ರೀಕರಣದ ಜಾಗಕ್ಕೆ ಹೋದರು, ಸಸ್ಯಾಹಾರವನ್ನು ಬರಹಗಳಲ್ಲಿ ಬಾಯಿತುಂಬ ಹೀಯಾಳಿಸಿದ್ದವರು 2014ರ ಪಂಜಾಬಿನ ಕಂತಿನಲ್ಲಿ ಢಾಬಾದ ಊಟ ಉಂಡು, ಹೀಗಿದ್ದರೆ ಮಾಂಸವಿಲ್ಲದೆಯೂ ನಡೆದೀತು ಎಂಬಷ್ಟು ಮೆತ್ತಗಾದರು. 2016ರಲ್ಲಿ ಹನೋಯಿಯ ಪುಟ್ಟ ಹೋಟೆಲಿನಲ್ಲಿ ಅಂದಿನ ಅಧ್ಯಕ್ಷ ಬರಾಕ್ ಒಬಾಮಾ ಜೊತೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಅಲ್ಲಿಯ ತಿನಿಸಾದ ಬುನ್ ಚಾ ತಿಂದರು. ಬಿಲ್ಲು ಬಂದದ್ದು 6 ಡಾಲರ್. ಹೋಟೆಲಿನವರು ಆ ಮೇಜಿಗೆ ಗಾಜಿನ ಪೆಟ್ಟಿಗೆ ಹೊದಿಸಿ ಇಟ್ಟಿದ್ದಾರೆ. ಒಬಾಮಾ ಹೆಸರಿನ ಊಟವನ್ನೂ ಮಾರುತ್ತಾರೆ.

ಇಂಥ ಕಾರ್ಯಕ್ರಮ ಕಾಣುವಷ್ಟು ಆಕಸ್ಮಿಕವಲ್ಲ. ಊರಿನಲ್ಲೇ ಇರುವ, ಭಾಷೆ ಬಲ್ಲ ಮಧ್ಯವರ್ತಿಯೊಬ್ಬರು ವಾರಗಳ ಮೊದಲೇ ಮನೆ, ಅಂಗಡಿ, ಅನುಮತಿ ಎಲ್ಲವನ್ನೂ ಗೊತ್ತು ಮಾಡಿರುತ್ತಾರೆ. ನಿರೂಪಕ ಮೊದಲ ಸಲ ತುತ್ತು ಬಾಯಿಗಿಟ್ಟು ಕಣ್ಣರಳಿಸುವ ಹೊತ್ತಿಗೆ ದೀಪ, ಮೈಕು, ಎರಡು ಮೂರು ಕ್ಯಾಮೆರಾ ಸಿದ್ಧವಾಗಿರುತ್ತವೆ. ಹಿನ್ನೆಲೆಯ ಮಾತನ್ನು ಬರೆಯುವುದು ಮನೆಗೆ ಮರಳಿದ ಮೇಲೆ. ಇಷ್ಟು ವ್ಯವಸ್ಥೆಗೂ ಮೋಸಕ್ಕೂ ನಡುವಿನ ಗೆರೆ ತೆಳು. ಬೋರ್ಡೇನ್ ಅವರ 2013ರ ಸಿಸಿಲಿಯ ಕಂತಿನಲ್ಲಿ ಸಮುದ್ರಕ್ಕಿಳಿದು ಆಕ್ಟೋಪಸ್ ಹಿಡಿಯುವ ದೃಶ್ಯವಿತ್ತು. ಏನೂ ಸಿಗದಿದ್ದಾಗ ಪಕ್ಕದ ದೋಣಿಯಿಂದ ಸತ್ತ, ಅರ್ಧ ಹೆಪ್ಪುಗಟ್ಟಿದ ಪ್ರಾಣಿಗಳನ್ನು ನೀರಿಗೆ ಎಸೆಯಲಾಯಿತು. ಬೋರ್ಡೇನ್ ಅದನ್ನು ಮುಚ್ಚಿಡಲಿಲ್ಲ. ಅದೇ ಕಂತಿನ ಹಿನ್ನೆಲೆ ಮಾತಿನಲ್ಲಿ ತಮಗಾದ ಅಸಹ್ಯವನ್ನು ಹೇಳಿಕೊಂಡರು. ಫ್ಲಾಯ್ಡ್ ಛಾಯಾಗ್ರಾಹಕನನ್ನು ಕರೆದು ತೆರೆದಿಟ್ಟದ್ದರ ಕತ್ತಲೆಯ ಮಗ್ಗುಲು ಇದು. 2018ರ ಜೂನ್ 8ರಂದು, ಫ್ರಾನ್ಸಿನಲ್ಲಿ ಚಿತ್ರೀಕರಣದ ನಡುವೆ, ಬೋರ್ಡೇನ್ ಆತ್ಮಹತ್ಯೆ ಮಾಡಿಕೊಂಡರು. ಅವರಿಗೆ 61 ವರ್ಷ.

ಭಾರತದ ಟಿವಿಯಲ್ಲಿ ತಿರುಗಾಟದ ಊಟ ಸುದ್ದಿಮನೆಗಳ ಆಸರೆಯಲ್ಲಿ ಬೆಳೆಯಿತು. ಚುನಾವಣೆಯ ವಿಶ್ಲೇಷಣೆಯಿಂದ ದೇಶಕ್ಕೆಲ್ಲ ಪರಿಚಿತರಾಗಿದ್ದ ಪತ್ರಕರ್ತ ವಿನೋದ್ ದುವಾ ಎನ್‌ಡಿಟಿವಿ ಇಂಡಿಯಾದ ‘ಜಾಯ್ಕಾ ಇಂಡಿಯಾ ಕಾ’ದಲ್ಲಿ ಓಣಿ ಓಣಿಯ ಅಂಗಡಿಗಳ ಮುಂದೆ ನಿಂತು ತಿಂದರು. ಅದೇ ಸಂಸ್ಥೆಯ ಇನ್ನೊಂದು ಚಾನೆಲಿನಲ್ಲಿ ರಾಕಿ ಮತ್ತು ಮಯೂರ್ ಜೋಡಿ ಹೆದ್ದಾರಿಯ ಢಾಬಾಗಳನ್ನು ಹುಡುಕಿಕೊಂಡು ಹೋಯಿತು. ಮಯೂರ್ ಸಸ್ಯಾಹಾರಿಯಾದ್ದರಿಂದ ಎರಡು ಬಗೆಯ ನೋಡುಗರಿಗೂ ಒಬ್ಬೊಬ್ಬ ಪ್ರತಿನಿಧಿ ಸಿಕ್ಕಂತಾಯಿತು. ಭಾರತದಂಥ ದೇಶಕ್ಕೆ ಇದಕ್ಕಿಂತ ಜಾಣ ಏರ್ಪಾಡು ಬೇರೊಂದು ಬೇಕಿಲ್ಲ. ಕನ್ನಡದ ಚಾನೆಲ್‌ಗಳಲ್ಲಿ ತಾರೆಯ ಜಾಗ ಹೆಚ್ಚಾಗಿ ಸ್ಟುಡಿಯೊದ ಅಡುಗೆಮನೆ. ಜೀ ಕನ್ನಡದಲ್ಲಿ ಮುರಳಿ ನಡೆಸಿಕೊಟ್ಟ ‘ಒಗ್ಗರಣೆ ಡಬ್ಬಿ’, ಸ್ಟಾರ್ ಸುವರ್ಣದಲ್ಲಿ ನಟ ಸಿಹಿಕಹಿ ಚಂದ್ರು ಅವರ ‘ಬೊಂಬಾಟ್ ಭೋಜನ’ ಮನೆಮಾತಾದವು. ಇವುಗಳ ಬಲ ಹರಟೆ, ನಗು ಮತ್ತು ಮಧ್ಯಾಹ್ನದ ಹೊತ್ತಿನ ನಿಷ್ಠಾವಂತ ನೋಡುಗರು. ದಿನಕ್ಕೊಂದು ಕಂತು ಮುಗಿಸಬೇಕಾದ ಲೆಕ್ಕದಲ್ಲಿ ದೂರದ ಪ್ರಯಾಣಕ್ಕೆ ಹಣವೂ ಇಲ್ಲ, ಸಮಯವೂ ಇಲ್ಲ. ದೊಡ್ಡ ಹಣದ ಅಂತರರಾಷ್ಟ್ರೀಯ ಕಾರ್ಯಕ್ರಮ ಕರ್ನಾಟಕಕ್ಕೆ ಬಂದಾಗ ಅದು ಹುಡುಕಿಕೊಂಡು ಬಂದದ್ದು ಊಟವನ್ನಲ್ಲ, ಕಾಡನ್ನು. 2020ರ ಜನವರಿಯಲ್ಲಿ ಸಾಹಸ ಕಾರ್ಯಕ್ರಮಗಳ ನಿರೂಪಕ ಬೇರ್ ಗ್ರಿಲ್ಸ್ ಜೊತೆ ನಟ ರಜನಿಕಾಂತ್ ಬಂಡೀಪುರದಲ್ಲಿ ಚಿತ್ರೀಕರಣ ನಡೆಸಿದರು. ಒಣಗಿದ ಕಾಡು ಬೆಂಕಿಗೆ ತುತ್ತಾಗುವ ಕಾಲದಲ್ಲಿ ಹುಲಿ ಮೀಸಲು ಪ್ರದೇಶದೊಳಗೆ ಅನುಮತಿ ಕೊಟ್ಟದ್ದನ್ನು ಪರಿಸರಾಸಕ್ತರು ಪ್ರಶ್ನಿಸಿದರು. ಆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಬೋರ್ಡೇನ್ ನಂತರ ಆ ಜಾಗಕ್ಕೆ ಬಾಣಸಿಗರಿಗಿಂತ ಹೆಚ್ಚಾಗಿ ಬಂದವರು ಸಿನಿಮಾ ಮತ್ತು ಹಾಸ್ಯ ಧಾರಾವಾಹಿಗಳ ಜನ. ‘ಎವ್ರಿಬಡಿ ಲವ್ಸ್ ರೇಮಂಡ್’ ಧಾರಾವಾಹಿಯ ಕರ್ತೃ ಫಿಲ್ ರೋಸೆಂಥಾಲ್ 2015ರಲ್ಲಿ ಅಮೆರಿಕದ ಸಾರ್ವಜನಿಕ ಟಿವಿಯಲ್ಲಿ, 2018ರಿಂದ ನೆಟ್‌ಫ್ಲಿಕ್ಸ್‌ನಲ್ಲಿ ಮಗುವಿನ ಹಾಗೆ ಬೆರಗಾಗುತ್ತ ಊರೂರು ತಿಂದರು, ಮುಂಬೈಗೂ ಬಂದರು. ಕೆನಡಾದ ಹಿರಿಯ ನಟ ಯೂಜೀನ್ ಲೆವಿ 2023ರಲ್ಲಿ ಪ್ರಯಾಣವೇ ಇಷ್ಟವಿಲ್ಲದ ಪ್ರವಾಸಿಯಾಗಿ ಕಾಣಿಸಿಕೊಂಡರು. ಗೊತ್ತಿಲ್ಲದಿರುವುದು ಫ್ಲಾಯ್ಡ್ ಅವರಲ್ಲಿ ಆಕಸ್ಮಿಕವಾಗಿತ್ತು, ಇವರಲ್ಲಿ ಅದೇ ಬಂಡವಾಳ.

ಇವರೆಲ್ಲರಲ್ಲಿ ಹೆಚ್ಚು ಗೆದ್ದವರು ಸ್ಟ್ಯಾನ್ಲಿ ಟೂಚಿ. ಇಟಲಿ ಮೂಲದ ಈ ಅಮೆರಿಕನ್ ನಟನಿಗೂ ಅಡುಗೆಗೂ ಹಳೆಯ ನಂಟು: 1996ರ ‘ಬಿಗ್ ನೈಟ್’ನಲ್ಲಿ ಹೋಟೆಲು ನಡೆಸುವ ಅಣ್ಣತಮ್ಮಂದಿರ ಪೈಕಿ ಒಬ್ಬರ ಪಾತ್ರ, 2009ರ ‘ಜೂಲಿ ಅಂಡ್ ಜೂಲಿಯಾ’ದಲ್ಲಿ ಜೂಲಿಯಾ ಚೈಲ್ಡ್ ಅವರ ಗಂಡ ಪಾಲ್ ಪಾತ್ರ. ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು, ರುಚಿಯನ್ನು ಕಳೆದುಕೊಂಡು ಮತ್ತೆ ಪಡೆದವರು ಎಂಬುದು ಆಮೇಲೆ ತಿಳಿದುಬಂತು. ಇಟಲಿಯ ಒಂದೊಂದು ಸೀಮೆಯನ್ನು ಒಂದೊಂದು ಕಂತಿನಲ್ಲಿ ತೋರಿಸಿದ ಅವರ ‘ಸರ್ಚಿಂಗ್ ಫಾರ್ ಇಟಲಿ’ 2021ರ ಫೆಬ್ರವರಿಯಲ್ಲಿ ಸಿಎನ್‌ಎನ್‌ನಲ್ಲಿ ಬಂದಾಗ ಕೊರೊನಾದಿಂದ ಜಗತ್ತೇ ಮನೆಯೊಳಗಿತ್ತು. ಪಡಿತರದ ಕಾಲದಲ್ಲಿ ಹಾರ್ಬೆನ್ ನೋಡಿದವರಂತೆ ಇಲ್ಲಿಯೂ ಸಿಗದ ಊಟವನ್ನು ಕಣ್ಣಿನಿಂದ ಉಂಡವರೇ ಹೆಚ್ಚು. ಟೂಚಿಯವರ ಸರಣಿ ಎರಡು ವರ್ಷ ಎಮ್ಮಿ ಪ್ರಶಸ್ತಿ ಪಡೆಯಿತು. ಸಿಎನ್‌ಎನ್ ಇಂಥ ಸರಣಿಗಳಿಂದಲೇ ಹಿಂದೆ ಸರಿದಾಗ, ಎರಡು ಸೀಸನ್‌ಗಳ ಬಳಿಕ ಅದು ನಿಂತಿತು. 2025ರಲ್ಲಿ ಟೂಚಿ ಬೇರೆ ಹೆಸರಿನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮೂಲಕ ಮರಳಿದರು.

ತಾರೆಯ ಬಾಯಿಗೆ ಬಿದ್ದ ತಿನಿಸು ಊರಿಗೆ ವ್ಯಾಪಾರ ತರುತ್ತದೆ, ಸಾಲನ್ನೂ ತರುತ್ತದೆ. ನೇಪಲ್ಸಿನ ದಕ್ಷಿಣಕ್ಕಿರುವ ನೆರಾನೊ ಎಂಬ ಸಣ್ಣ ಊರಿನ ಕುಂಬಳಜಾತಿಯ ಎಳೆಕಾಯಿ ಹಾಕಿದ ಸ್ಪಗೆಟ್ಟಿ, ಟೂಚಿ ಅದನ್ನು ಹೊಗಳಿದ ಮೇಲೆ ಖಂಡಾಂತರದ ಅಡುಗೆಮನೆಗಳಿಗೆ ಹೋಯಿತು. ಊರಿನವರೇ ತಿನ್ನುತ್ತಿದ್ದ ಸಣ್ಣ ಹೋಟೆಲುಗಳಲ್ಲಿ ಊರಿನವರಿಗೇ ಜಾಗ ಸಿಗದಂತಾಗುವುದು ಇದರ ಇನ್ನೊಂದು ಮುಖ. ತಾವು ಹೋದ ಜಾಗ ತಾವು ಹೋದದ್ದರಿಂದಲೇ ಬದಲಾಗುತ್ತದೆ ಎಂಬ ಅಳುಕು ಬೋರ್ಡೇನ್ ಅವರಿಗೆ ಇತ್ತು. ಅವರ ನಂತರದ ನಿರೂಪಕರಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ.

ಈ ನಡುವೆ ಕ್ಯಾಮೆರಾ ಎಲ್ಲರ ಕೈಗೂ ಬಂದು, ಹೆಸರು ಮಾಡಿ ಪ್ರಯಾಣ ಹೊರಡುವ ಕ್ರಮ ತಿರುಗುಮುರುಗಾಯಿತು. ಈಗ ಪ್ರಯಾಣ ಹೊರಟು ಹೆಸರು ಮಾಡುತ್ತಾರೆ. ಅಮೆರಿಕದಲ್ಲಿ ಹುಟ್ಟಿ ಬ್ಯಾಂಕಾಕಿನಲ್ಲಿ ನೆಲೆಸಿದ ಮಾರ್ಕ್ ವೀನ್ಸ್ ಯೂಟ್ಯೂಬಿನಲ್ಲಿ ಬೀದಿ ತಿಂಡಿಗಳನ್ನು ತಿನ್ನುತ್ತಲೇ ತಾರೆಯಾದರು. ಕನ್ನಡದಲ್ಲಿ ‘ಡಾ. ಬ್ರೋ’ ಎಂದು ಹೆಸರಾದ ಗಗನ್ ಶ್ರೀನಿವಾಸ್ ಒಬ್ಬರೇ ಕ್ಯಾಮೆರಾ ಹಿಡಿದು ಅಫ್ಘಾನಿಸ್ತಾನದಂಥ ದೇಶಗಳಿಗೂ ಹೋಗಿ ಬಂದರು. ಕನ್ನಡದ ಚಾನೆಲ್‌ಗಳು ಖರ್ಚಿಗೆ ಅಂಜಿ ಕೈಹಾಕದ ಈ ಕೆಲಸ, ಟಿವಿಯ ಹಂತವನ್ನು ದಾಟಿ ನೇರವಾಗಿ ಫೋನಿಗೆ ಬಂದಿದೆ. ಪ್ರಾಯೋಜಕರೂ ಅದರ ಬೆನ್ನ ಹಿಂದೆಯೇ ಬಂದಿದ್ದಾರೆ.